ಎರಡು ಪಾಲು ಮಸಾರಿ

ಹದಿನೇಳು ವರ್ಷ ಸೆಂಟ್ರಿಂಗ್ ಹಲಗಿ ಹೊತ್ತ ಹೆಗಲು
ನನ್ನ ಗಂಡ ಯಮನೂರಪ್ಪಂದು.
ತಾವರಗೇರಾದಾಗ ಯಾವ ಸ್ಲ್ಯಾಬಿನ ಕೆಳಗ ನಿಂತರೂ
ತಲಿ ಎತ್ತಿ, ಗಿಡದಾಗಿನ ಕಾಯಿ ನೋಡಿದಂಗ ನೋಡಿ
'ಇದು ನಾ ಹಾಕಿದ್ದು' ಅಂತಾನ.
ಅಂಥವ ಒಂದಿನ ಉಣ್ಣಾಕ ಕುಂತು
ರೊಟ್ಟಿ ಮುರಿಯೋದು ಬಿಟ್ಟು ಅಂದ:
'ನಮ್ಮನಿ ಮಣ್ಣಿಲೇ ಕಟ್ಟೋಣು.'

ಹುಚ್ಚು ಹಿಡದೈತೇನು ಅನ್ನಾಕ ಬಾಯಿ ತಗದು
ಮ್ಯಾಲಿನ ತಗಡು ನೋಡಿದೆ.
ಹತ್ತು ಬ್ಯಾಸಗಿ ಅದರ ಕೆಳಗ ಬೆಂದಾಕಿ.
ಸುಮ್ಮನಾದೆ.

ಮಸಾರಿ ಇವರ ಹೊಲದ್ದು. ಎರಿ ನನ್ನ ತವರಿಂದು,
ಟ್ರ್ಯಾಕ್ಟರ್ ತುಂಬಿ ನಮ್ಮಣ್ಣನೇ ತಂದು ಸುರುವಿದ.
'ಮಣ್ಣೂ ವರದಕ್ಷಿಣಿ ಬಂತಲ್ಲೋ!'
ಅತ್ತಿ ಗಾಳೆವ್ವ ನಕ್ಕಳು,
ಹಲ್ಲಿಲ್ಲದ ಬಾಯಾಗ ಎಲಿ ಆ ಕಡೆ ಈ ಕಡೆ ಮಾಡಕೋತ.

ಭತ್ತದ ಹುಲ್ಲು, ಸೆಗಣಿ, ರಾತ್ರಿ ನೆನಿಹಾಕಿದ ಮಣ್ಣು.
ಮೊದಲ ಸುತ್ತಿಗೆ ಮೊಣಕಾಲಿಗೆ ತಂಪು,
ಹತ್ತನೇ ಸುತ್ತಿಗೆ ತೊಡಿಯಾಗ ಬೆಂಕಿ.
ಸಾಲಿಯಿಂದ ಬಂದ ಮಾರುತೇಶ ಚೀಲ ಒಗದು ಕೆಸರಿಗೆ ಜಿಗಿದ.
ಪಲ್ಲವಿ ದಂಡಿಗೆ ನಿಂತು ಹೆಜ್ಜಿ ಎಣಿಸತಿದ್ದಳು,
ನೂರಾದ ಮ್ಯಾಲೆ ಮತ್ತ ಒಂದರಿಂದ.

ಬಡಗಣ ಗ್ವಾಡಿ ಎದಿಮಟ ಬಂದಿತ್ತು.
ಬೆಳಗ್ಗೆ ಎದ್ದು ನೋಡಿದ್ರ
ತುಂಬಿದ ಬಸುರಿ ಸೊಂಟಕ್ಕ ಕೈ ಕೊಟ್ಟು ನಿಂತಂಗ ಉಬ್ಬಿತ್ತು.
ಮಧ್ಯಾಹ್ನಕ್ಕ ಕುಂತಬಿಡ್ತು, ಹೆಚ್ಚು ಸದ್ದಿಲ್ಲ,
ಮಣ್ಣು ಮಣ್ಣಿನ ಮ್ಯಾಲೆ.
ಓಣಿ ಮಂದಿ ಬಂದು ನೋಡಿ ಹ್ವಾದರು.
'ಸಿಮೆಂಟಿಗೆ ತಪ್ಪಾತು ಅಂತ ಕೈ ಮುಗಿ' ಅಂದ್ರು ಒಬ್ಬರು.
ಅಂವ ಎರಡು ದಿನ ಮಾತಾಡಲಿಲ್ಲ.
ಮೂರನೇ ದಿನ ಬಿದ್ದ ಹೆಂಟಿ ಹಿಸುಕಿ, ಮೂಸಿ,
'ಅವಸರ ಮಾಡಿದೆ. ಎರೀನೂ ಹೆಚ್ಚಾತು' ಅಂದ.

ಈ ಸಲ ಎರಡು ಪಾಲು ಮಸಾರಿ, ಒಂದು ಪಾಲು ಎರಿ.
ಬರೇ ಮಸಾರಿ ಉದುರತೈತಿ, ಬರೇ ಎರಿ ಬಿರೀತೈತಿ.
ಹಿಂಗಂತ ಹೇಳುವಾಗ ಅಂವ ನನ್ನ ಮಾರಿ ನೋಡಲಿಲ್ಲ.
ನಾನೂ ನಗಲಿಲ್ಲ.
ಬಿದ್ದ ಗ್ವಾಡೀನ ಮತ್ತ ನೆನಿಹಾಕಿದ್ವಿ.

ಪಂಚಾಯ್ತಿಯಿಂದ ಒಬ್ಬ ಹುಡುಗ ಬಂದಿದ್ದ ಫೋಟೋ ತಗ್ಯಾಕ.
ಅವನ ಮೊಬೈಲಿನಾಗ ಎರಡೇ ನಮೂನಿ ಮನಿ: ಕಚ್ಚಾ, ಪಕ್ಕಾ.
ಒಂದೂವರಿ ಮೊಳ ದಪ್ಪದ ಗ್ವಾಡಿಗೆ ಹೆಗಲು ಕೊಟ್ಟು ನೂಕಿದ,
ಅದರ ನೆಳ್ಳಿಗೆ ಕುಂತು ಒಂದು ತಂಬಿಗಿ ನೀರು ಕುಡದ,
ಹಾಯ್ ಅಂದ,
ಕಚ್ಚಾ ಒತ್ತಿ ಹ್ವಾದ.

ಮಾಳಿಗಿ ಹಾಕಾಕ ಬಲ್ಲವ ಈಗ ಮರ್ದಾನಸಾಬ ಒಬ್ಬನೇ.
ಕಣ್ಣು ಮಬ್ಬು. ಬೇವಿನ ಜಂತಿ ಬಟ್ಟಿಲೆ ಬಡದು
'ಇದು ಹಸಿ, ತಗಿ' ಅಂತಾನ.
ಜಂತಿ ಮ್ಯಾಲೆ ತೊಗರಿ ಕಟಗಿ, ಕಟಗಿ ಮ್ಯಾಲೆ ಬೇವಿನ ತಪ್ಪಲ,
ಎಲ್ಲಾದರ ಮ್ಯಾಲೆ ಹಳ್ಳದ ದಂಡಿ ಸವಳು.
'ಎಷ್ಟು ಕೊಡ್ಲಿ ಕಾಕಾ?'
'ಮೊದಲ ಮಳಿಗೆ ಕರೀರಿ. ಸೋರದಿದ್ರ ಕೊಡ್ರಿ.'

ಬೆಳಕಿಂಡಿಗೆ ಗಾಜು ಎಲ್ಲೂ ಸಿಗಲಿಲ್ಲ.
ಅಣ್ಣನ ಟ್ರ್ಯಾಕ್ಟರಿನ ಹಳೇ ಹೆಡ್‌ಲೈಟಿಂದು
ಅಳತಿ ಕೊಟ್ಟು ಮಾಡಿಸಿದಂಗ ಕುಂತಿತು.
ಈಗ ದಿನಾ ಹನ್ನೆರಡಕ್ಕ
ಗೆರಿ ಗೆರಿ ಬೆಳಕೊಂದು ಒಲಿ ಬುಡದಿಂದ ಹೊಂಟು
ಬೀಸುಕಲ್ಲು ದಾಟಿ
ಮೂರರ ಹೊತ್ತಿಗೆ ಅತ್ತಿ ಕಾಲು ಏರತೈತಿ.
ಅಕಿ ಅದನ್ನ ಸೆರಗಿಲೆ ಒರಸಾಕ ನೋಡತಾಳ.

ನೆಲ ಸಾರಿಸಿದ ರಾತ್ರಿ ನಾಯಿ ಹಾದು ಹೋಗಿತ್ತು,
ಬಾಗಲದಿಂದ ದೇವರ ಮಾಡದ ತನಕ ಹೆಜ್ಜಿ.
ತಿಕ್ಕಾಕ ಹ್ವಾದೆ. ಪಲ್ಲವಿ ಕೈ ಹಿಡದಳು:
'ಇರಲಿ ಬಿಡವ್ವ, ನಮಗಿಂತ ಮೊದಲ ಅದು ಒಳಗ ಬಂದೈತಿ.'

ರೋಹಿಣಿ ಮಳಿ ರಾತ್ರಿ ಬಂತು.
ಮರ್ದಾನಸಾಬನ್ನ ಬೈಕಿನ ಮ್ಯಾಲೆ ಕರಕೊಂಡು ಬಂದ್ವಿ.
ಪಡಸಾಲಿ ನಡುವ ಕುಂತ, ಲೈಟು ಆರಸ್ರಿ ಅಂದ,
ಕಿವಿ ಮ್ಯಾಲೆ ಮಾಡಿ, ಅಂಗೈ ಚಾಚಿ.
ನಾವೂ ಉಸಿರು ಬಿಗಿ ಹಿಡದು ಕುಂತ್ವಿ.
ಎಷ್ಟೋ ಹೊತ್ತಿನ ಮ್ಯಾಲೆ ಟಪ್ ಅಂತ ಒಂದು,
ಅವನ ಅಂಗೈ ಮ್ಯಾಲೇ.
ಮುದುಕ ಅದನ್ನ ನಾಲಿಗೀಗೆ ಹಚ್ಚಿ ರುಚಿ ನೋಡಿ
'ಒಂದು ಹನಿ ಕಮ್ಮಿ ಕೊಡ್ರಿ' ಅಂದ.

ಅಷ್ಟೊತ್ತಿಗೆ ಇಂವ ನಿಚ್ಚಣಿಕಿ ಏರಿದ್ದ,
ಬಗಲಾಗ ಸವಳಿನ ಪುಟ್ಟಿ.